ನೀರು ನಿಂತ ದಿನ

ನಮ್ಮ ಅತ್ತೆ ಯಂಕಮ್ಮ ದಿನವೂ ಬೆಳಿಗ್ಗೆ ಹೊಸಿಲ ಮುಂದೆ ಒಂದೇ ರಂಗೋಲಿ ಇಡುತ್ತಿದ್ದರು. ಒಂದು ಮೀನು. ಅದರ ಮೈಮೇಲೆ ಬಿಲ್ಲಿನಂತೆ ಬಾಗಿದ ಏಳು ಗೆರೆ. ಬಾಲಕ್ಕೆ ಮಾತ್ರ ಒಂದೇ ಕವಲು. ಮದುವೆಯಾಗಿ ಬಂದ ಹೊಸದರಲ್ಲಿ, ಮರೆತಿರಬೇಕೆಂದುಕೊಂಡು ಇನ್ನೊಂದು ಕವಲನ್ನು ನಾನೇ ಎಳೆದೆ. ಅತ್ತೆ ಹೊರಗೆ ಬಂದು ನೋಡಿದರು. ನನ್ನ ಗೆರೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿ, "ಅದು ಅಷ್ಟೇ ಇರೋದು ಕಣವ್ವಾ" ಎಂದರು. ಯಾಕೆಂದು ನಾನು ಕೇಳಲಿಲ್ಲ.

ಊರ ನಡುವಿನ ಪಾರ್ಕಿನಲ್ಲಿ ಕೆರೆಯ ನೀರು ಎತ್ತರದ ಕಲ್ಲುಗೋಡೆಯ ಮೇಲಿಂದ ಜಲಪಾತವಾಗಿ ಬೀಳುತ್ತಿತ್ತು. ಆ ಗೋಡೆ ಕಟ್ಟಲು ಹನ್ನೊಂದನೇ ವಯಸ್ಸಿನಲ್ಲಿ ಗಾರೆ ಹೊತ್ತಿದ್ದೆನೆಂದು ಅತ್ತೆ ಹೇಳುತ್ತಿದ್ದರು. ನನ್ನ ಮಗಳು ಕುಸುಮಳಿಗೆ ಊಟಕ್ಕಿಂತ ಆ ಕತೆಯೇ ಹೆಚ್ಚು ಇಷ್ಟ.

"ಕಲ್ಲಿಗೆ ತಗಲಿ ಬಳೆ ಒಡೀತಿದ್ವು. ಚೂರು ದಾರೀಲಿ ಎಸೆದ್ರೆ ಬರಿಗಾಲಿನೋರಿಗೆ ಚುಚ್ಚತ್ತಲ್ಲ, ಅದಕ್ಕೇ ಹಸಿ ಗಾರೇಲಿ ಒತ್ತಿಬಿಡ್ತಿದ್ವಿ."

"ನಿನ್ನ ಬಳೆ ಎಲ್ಲಿದೆ ಅಜ್ಜಿ?"

"ನೀರಿನ ಹಿಂದೆ."

ಆ ವರ್ಷ ಶಾಲೆಯಲ್ಲಿ ನಮ್ಮೂರ ಜಲಪಾತದ ಮೇಲೆ ಪ್ರಬಂಧ ಬರೆಯಲು ಹೇಳಿದ್ದರು. 'ಇದನ್ನು ನಮ್ಮ ಅಜ್ಜಿ ಕಟ್ಟಿದರು' ಎಂದು ಕುಸುಮ ಮೊದಲ ಸಾಲಿನಲ್ಲೇ ಬರೆದಳು. ಮೇಷ್ಟ್ರು ಅದರ ಮೇಲೆ ಕೆಂಪು ಗೆರೆ ಎಳೆದು, 'ರಾಜರ ಕಾಲದ್ದು. ಸುಳ್ಳು ಬರೆಯಬಾರದು' ಎಂದು ಸೇರಿಸಿದ್ದರು. ತರಗತಿಯ ಹುಡುಗಿಯರಿಗೆ ಅಷ್ಟೇ ಸಾಕಾಯಿತು. "ದಾರಿ ಬಿಡ್ರೇ, ಮಹಾರಾಣಿ ಮೊಮ್ಮಗಳು ಬಂದ್ಳು" ಎಂದು ದಿನವೂ ಕಾಡಿದರು.

ಮಗಳು ಅಳುತ್ತಾ ಬಂದ ದಿನ ಅವಳ ತಲೆ ಸವರುತ್ತಾ ನಾನು ಹೇಳಿದೆ: "ಅಜ್ಜಿಗೆ ವಯಸ್ಸಾಯ್ತಲ್ಲ ಪುಟ್ಟಿ, ನೆನಪು ಹಿಂದುಮುಂದಾಗಿರತ್ತೆ."

ಅತ್ತೆ ಅಡಿಗೆಮನೆಯ ಬಾಗಿಲ ಹಿಂದೆ ಅಕ್ಕಿ ಆರಿಸುತ್ತಾ ಕೂತಿದ್ದದ್ದು ನನಗೆ ತಿಳಿಯಲಿಲ್ಲ. ಮೊರದ ಸದ್ದು ನಿಂತಾಗ ತಿಳಿಯಿತು.

ಮಾರನೆಯ ದಿನದಿಂದ ಕತೆಗಳು ನಿಂತವು. ಹೊಸಿಲಿಗೆ ನೀರು ಚಿಮುಕಿಸಿ ಸುಮ್ಮನೆ ಒಳಗೆ ಬರುತ್ತಿದ್ದರು. ಮೀನು ಇರಲಿಲ್ಲ. ಒಂದು ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದ ನನ್ನ ಪಕ್ಕ ಬಂದು ಕೂತು ಕೇಳಿದರು: "ನಾನು ಕಂಡಿದ್ದು ಕನಸೇನೇ? ಇಷ್ಟು ವರ್ಷ ಕನಸನ್ನೇ ಹೇಳ್ಕೊಂಡು ಬಂದ್ನಾ?"

ಒಬ್ಬರ ಬಾಲ್ಯವನ್ನೇ ನಾನು ಒಂದು ಮಾತಿನಲ್ಲಿ ಅಳಿಸಿಬಿಟ್ಟಿದ್ದೆ. ಹೇಗೆ ಸರಿಮಾಡುವುದೆಂದು ತೋಚಲಿಲ್ಲ. ಭಾನುವಾರ ಚಿತ್ರಾನ್ನ ಕಟ್ಟಿಕೊಂಡು ಇಬ್ಬರನ್ನೂ ಬಸ್ಸು ಹತ್ತಿಸಿದೆ. ಜಲಪಾತವನ್ನಾದರೂ ಒಟ್ಟಿಗೆ ನೋಡಿಬರೋಣ ಎಂಬುದಷ್ಟೇ ಮನಸ್ಸಿನಲ್ಲಿತ್ತು.

ಮೊದಲು ಪಾರ್ಕಿನ ಪಕ್ಕದ ಹಳೆಯ ಕೋಟೆಗೆ ಹೋದೆವು. ಕುಸುಮ ಕಾವಲುಗೋಪುರ ಹತ್ತಿ ಇಡೀ ಊರನ್ನು ಕೂಗಿ ಕರೆದಳು. ಅಲ್ಲಿ ಬಂದವರಿಗೆ ಸ್ಥಳದ ವಿಷಯ ಹೇಳುವ ಮುನಿವೀರಪ್ಪ ಎಂಬವರಿದ್ದರು. ಬೆತ್ತ ಚಾಚಿ, "ಈ ಗೋಪುರ, ಆ ಕೆರೆ, ಕೆಳಗಿನ ಜಲಪಾತದ ಗೋಡೆ, ಎಲ್ಲಾ ರಾಜರ ಕಾಲದ್ದಮ್ಮ. ಒಂದು ಕಲ್ಲು ಅಲ್ಲಾಡಿಲ್ಲ" ಎಂದರು.

ಕುಸುಮ ಅಜ್ಜಿಯ ಮುಖ ನೋಡಿದಳು. ಅಜ್ಜಿ ತಮ್ಮ ಪಾದ ನೋಡಿಕೊಂಡರು.

ಪಾರ್ಕಿನ ಬಾಗಿಲಲ್ಲಿ ಇನ್ನೊಂದು ಪೆಟ್ಟು ಕಾದಿತ್ತು. ವರ್ಷಕ್ಕೊಂದು ದಿನ ಕೆರೆಯ ತೂಬು ಮುಚ್ಚಿ ಗೋಡೆ ತೊಳೆಯುತ್ತಾರಂತೆ. ಆ ದಿನ ಅದೇ ಆಗಿತ್ತು. ನೀರು ಬಿಡುವುದು ಸಂಜೆಗೆ.

"ಅಮ್ಮಾ! ಮುನ್ನೂರ ಅರವತ್ತೈದು ದಿನದಲ್ಲಿ ನಿನಗೆ ಇದೇ ದಿನ ಸಿಕ್ತಾ?"

ಅತ್ತೆ ಆಗಲೇ ಮುಂದೆ ಹೋಗಿದ್ದರು. ಕಂಬಿ ಹಿಡಿದು, ಪಾಚಿ ಕಟ್ಟಿ ಕಪ್ಪಾಗಿದ್ದ ಆ ಬೋಳು ಗೋಡೆಯನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದರು. ಕೆಳಗೆ ಹೆಂಗಸರು ತೆಂಗಿನ ನಾರಿನಿಂದ ಕಲ್ಲು ಉಜ್ಜುತ್ತಿದ್ದರು.

"ನೀರಿಲ್ಲ" ಎಂದರು ಅತ್ತೆ. ನನಗಲ್ಲ, ತಮಗೇ ಹೇಳಿಕೊಂಡಂತೆ.

ಮರುಗಳಿಗೆ ಸೀರೆ ಎತ್ತಿ ಕಟ್ಟಿ ಮೆಟ್ಟಿಲಿಳಿದರು. ಕಾವಲುಗಾರ ಸೀಟಿ ಊದಿದ. ಅತ್ತೆ ತಿರುಗಿಯೂ ನೋಡಲಿಲ್ಲ. ಜಾರುವ ಬಂಡೆಯ ಮೇಲೆ ಅವರನ್ನು ಹಿಡಿಯಲು ಹೋಗಿ ನನ್ನ ಕೆಂಪು ಬಳೆಯೊಂದು ಕಲ್ಲಿಗೆ ಬಡಿದು ಒಡೆಯಿತು. ಹೆಂಗಸರ ಬರಿಗಾಲು ಕಂಡು, ಚೂರುಗಳನ್ನು ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡೆ.

"ನೀರು ಬೀಳೋ ಬಾಯಿಂದ ನೇರ ಕೆಳಗೆ" ಎನ್ನುತ್ತಾ ಅತ್ತೆ ಕಲ್ಲುಗಳ ಸಂದು ತಡವಿದರು. ಏನೂ ಇರಲಿಲ್ಲ. ಆಚೆ ತಡವಿದರು, ಈಚೆ ತಡವಿದರು. ಸೀಟಿಯ ಸದ್ದಿಗೆ ಕೋಟೆಯಿಂದ ಇಳಿದು ಬಂದ ಮುನಿವೀರಪ್ಪ, "ರಾಜರ ಗೋಡೇಲಿ ಏನು ಕಳ್ಕೊಂಡ್ರಿ ತಾಯೀ?" ಎಂದು ನಕ್ಕರು. ಅತ್ತೆ ಗೋಡೆಯಿಂದ ಕೈ ತೆಗೆದರು. "ಬಾ ಹೋಗಾಣ" ಎಂದು ನನ್ನತ್ತ ತಿರುಗಿದರು.

ಕುಸುಮ ಕದಲಲಿಲ್ಲ.

"ಅಜ್ಜಿ, ಆಗ ನೀನು ನನ್ನಷ್ಟೇ ಇದ್ಯಲ್ವಾ?"

"ಹೂಂ, ನಿನ್ನಷ್ಟೇ."

"ಮತ್ತೆ ನೀನ್ಯಾಕೆ ದೊಡ್ಡೋರ ಎತ್ತರದಲ್ಲಿ ಹುಡುಕ್ತಿದ್ದೀಯಾ?"

ಗೋಡೆಗೆ ಎದೆ ಆನಿಸಿ ನಿಂತು, ತನ್ನ ಭುಜದ ಮಟ್ಟಕ್ಕೆ ಕೈ ಚಾಚಿ, ಪಕ್ಕದಲ್ಲಿದ್ದ ನಾರಿನಿಂದ ಉಜ್ಜತೊಡಗಿದಳು. ಪಾಚಿ ಸಿಪ್ಪೆಯಂತೆ ಕಳಚಿತು. ಒಂದು ಹಸಿರು ಹೊಳಪು. ಬಾಗಿದ ಗಾಜಿನ ಚೂರು. ಅದರ ಪಕ್ಕ ಇನ್ನೊಂದು, ಮತ್ತೊಂದು. ಏಳಾದವು. ಬಲಕ್ಕೆ ಒಂದು ಬಾಲ. ಬಾಲಕ್ಕೆ ಒಂದೇ ಕವಲು.

"ಅಮ್ಮಾ!" ಅವಳ ಕೂಗು ಕೋಟೆಗೆ ಬಡಿದು ತಿರುಗಿ ಬಂತು. "ಇದು ನಮ್ಮ ಹೊಸಿಲ ಮೀನು!"

ಅತ್ತೆ ಮಂಡಿಯೂರಿ ಕೂತು ಏಳೂ ಚೂರುಗಳನ್ನು ಒಂದೊಂದಾಗಿ ಮುಟ್ಟಿದರು, ಮಲಗಿದ ಮಗುವನ್ನು ಮುಟ್ಟುವಂತೆ.

"ಮೀನು ಯಾಕಜ್ಜಿ?"

"ಇಲ್ಲಿ ನೀರು ಬರತ್ತೆ ಅಂದ್ರು ಮೇಸ್ತ್ರಿ. ನೀರು ಅಂದ್ಮೇಲೆ ಒಂದು ಮೀನಾದ್ರೂ ಬೇಡ್ವಾ?"

"ಬಾಲ?"

"ಅಷ್ಟೊತ್ತಿಗೆ ಬಳೆ ಮುಗೀತು."

ಮುನಿವೀರಪ್ಪ ಬೆತ್ತ ಕಂಕುಳಿಗೆ ಸಿಕ್ಕಿಸಿ ಬಗ್ಗಿ ನೋಡಿದರು. ಅತ್ತೆ ಎದ್ದು ನಿಂತರು. ಅಷ್ಟು ನೆಟ್ಟಗೆ ಅವರು ನಿಂತದ್ದನ್ನು ನಾನು ಕಂಡಿರಲಿಲ್ಲ. "ಹಳೇ ಗೋಡೆ ದೊಡ್ಡ ಪ್ರವಾಹಕ್ಕೆ ಬಿತ್ತು ಸ್ವಾಮಿ. ಕೆಳಗಿನ ಎರಡು ಸಾಲು ನಿಮ್ಮ ರಾಜರದ್ದು. ಮಿಕ್ಕಿದ್ದು ನಮ್ಮದು."

ಉಜ್ಜುತ್ತಿದ್ದ ಹೆಂಗಸರು ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಸಂದುಗಳಿಗೆ ಗಾರೆ ಮೆತ್ತುತ್ತಿದ್ದ ಮಾದೇವಿ ಎಂಬಾಕೆ ಕರಣೆಯ ತುದಿಯಲ್ಲಿ ಒಂದು ಉಂಡೆ ತಂದಳು. "ಹಸಿಯಾಗೈತೆ ಅಜ್ಜಿ. ಬಾಲ ಮುಗಿಸ್ಬಿಡಿ. ನೀರು ಗೋಡೆಯಿಂದ ದೂರ ಬೀಳ್ತದೆ, ಏನೂ ಆಗಲ್ಲ."

ನಾನು ಸೆರಗಿನ ಗಂಟು ಬಿಚ್ಚಿದೆ. "ಅತ್ತೆಮ್ಮಾ, ನಾನೂ ನಂಬಿರಲಿಲ್ಲ" ಎಂದೆ.

"ಗೊತ್ತು ಕಣವ್ವಾ. ಕರ್ಕೊಂಡು ಬಂದ್ಯಲ್ಲ."

ನನ್ನ ಬಳೆಯ ಚೂರನ್ನು ಅವರು ಕುಸುಮಳ ಕೈಗಿಟ್ಟರು. ಅವಳು ಅದನ್ನು ಬಾಲದ ಪಕ್ಕ ಮೆತ್ತಿದ ಹಸಿ ಗಾರೆಯಲ್ಲಿ ಒತ್ತಿದಳು, ಅವಳ ಬೆರಳ ಮೇಲೆ ಅಜ್ಜಿಯ ಬೆರಳು.

ಸಂಜೆ ತೂಬು ತೆರೆದರು. ಮೊದಲು ಒಂದು ಎಳೆ, ಆಮೇಲೆ ಜಡೆ, ಆಮೇಲೆ ಇಡೀ ಬಾನೇ ಸುರಿದಂತೆ ನೀರು ಧುಮ್ಮಿಕ್ಕಿತು. ಕುಸುಮ ಕಂಬಿ ಹತ್ತಿ ಗೊತ್ತಿಲ್ಲದವರಿಗೆಲ್ಲ ಸಾರಿದಳು: "ನಮ್ಮಜ್ಜಿ ಕಟ್ಟಿದ್ದು!" ಅತ್ತೆ ಬೈಯಲಿಲ್ಲ. ಮುಖದ ಮೇಲೆ ಬಿದ್ದ ತುಂತುರನ್ನು ಒರೆಸಿಕೊಳ್ಳಲೂ ಇಲ್ಲ.

ಮುನಿವೀರಪ್ಪ ಹತ್ತಿರ ಬಂದರು. "ನಾಳೆಯಿಂದ ನಾನು ಬೇರೆ ಥರ ಹೇಳ್ಬೇಕಾಯ್ತಲ್ಲ ತಾಯೀ. ನಿಮ್ಮ ಜೊತೆ ಯಾರ್ಯಾರಿದ್ರು? ಹೆಸರು ಹೇಳಿ."

"ಸಣ್ಣಕ್ಕ, ದುರ್ಗಿ, ಕುಂಟ ತಿಮ್ಮಣ್ಣ, ಮೇಸ್ತ್ರಿ ಹನುಮಯ್ಯ..." ಅತ್ತೆ ಹೇಳುತ್ತಾ ಹೋದರು. ನೀರಿನ ಅಬ್ಬರದಲ್ಲಿ ಕೇಳಲೆಂದು ಆ ಮನುಷ್ಯ ಪ್ರತಿ ಹೆಸರನ್ನೂ ತಿರುಗಿ ಗಟ್ಟಿಯಾಗಿ ಕೂಗಿದರು.

ಮಾರನೆಯ ಬೆಳಿಗ್ಗೆ ಹಾಲು ಉಕ್ಕುವ ಮೊದಲು ಒಲೆಯಿಂದ ಇಳಿಸಿ ಹೊರಗೆ ಬಂದೆ. ಕುಸುಮ ಪ್ರಬಂಧದ ಪುಸ್ತಕವನ್ನು ಎದೆಗವುಚಿಕೊಂಡು ಶಾಲೆಗೆ ಹೊರಟಿದ್ದವಳು, ಹೊಸಿಲ ಬಳಿ ಕಾಲು ಹಿಂದಕ್ಕೆಳೆದು, ಸುತ್ತಿಕೊಂಡು ಹೋದಳು. ಒದ್ದೆ ನೆಲದ ಮೇಲೆ ಬೆಳ್ಳನೆಯ ಮೀನು ಮಲಗಿತ್ತು. ಬಾಲದ ಎರಡನೆಯ ಕವಲನ್ನು ಅತ್ತೆ ಕೆಮ್ಮಣ್ಣಿನಲ್ಲಿ ಎಳೆದಿದ್ದರು.