ಬಾಳೂರಿನ ಕಣದಲ್ಲಿ ಮಳೆಯ ಸರದಿ

ಲ್ಯಾಪ್‌ಟಾಪಿನೊಳಗೆ ಮಳೆ ಬರಿಸುವುದು ಸುಲಭ. ಗೋಣಿಬೀಡಿನ ಮನೆಯ ಮಹಡಿಯಲ್ಲಿ ಕುಳಿತು ಧನ್ಯಾ ಡಿಸೆಂಬರ್ ಪೂರ್ತಿ ಅದನ್ನೇ ಮಾಡಿದ್ದಳು. ಒಂದು ಕೀಲಿ ಒತ್ತಿದರೆ ಪರದೆಯಲ್ಲಿ ಹನಿ ಬೀಳುತ್ತಿತ್ತು. ಇನ್ನೊಂದು ಒತ್ತಿದರೆ ಆ ಹನಿ ಗಾಳಿಯಲ್ಲೇ ನಿಲ್ಲುತ್ತಿತ್ತು. ನಿಲ್ಲಿಸಿಟ್ಟು ಕೆಳಗೆ ಹೋಗಿ, ರೊಟ್ಟಿ ತಿಂದು, ಅಮ್ಮನ ಹತ್ತಿರ ಬೈಸಿಕೊಂಡು ಬಂದರೂ ಹನಿ ಅಲ್ಲೇ ಕಾಯುತ್ತಿತ್ತು.

ಬಾಳೂರಿನಲ್ಲಿ ತೋಟದೊಡತಿ ದೀಪಶ್ರೀಯ ಕಾಫಿ ಒಣಗಿಸುವ ಕಣಕ್ಕೆ ಬಂದ ಮೇಲೆ ಹಾಗೆ ಕಾಯುವುದು ಯಾವುದೂ ಇರಲಿಲ್ಲ.

ಕಣದ ಎರಡೂ ಬದಿಗೆ ಕಬ್ಬಿಣದ ಹಳಿ, ಹಳಿಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಚಾವಣಿ, ಅದನ್ನು ಎಳೆಯಲು ಮೋಟಾರು. ಪಕ್ಕದ ಪೆಟ್ಟಿಗೆಯಲ್ಲಿ ಬಿಸ್ಕತ್ತಿನಷ್ಟು ಅಗಲದ ಬೋರ್ಡು. ಪ್ರೋಗ್ರಾಮ್ ಬರೆಯುವುದು, ಪರೀಕ್ಷಿಸುವುದು ಎಲ್ಲ ಲ್ಯಾಪ್‌ಟಾಪಿನಲ್ಲಿ. ಅದು ಓಡುವುದು ಈ ಬೋರ್ಡಿನಲ್ಲಿ. ಬೋರ್ಡಿನಲ್ಲಿದ್ದದ್ದು ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್. ಯಾವ ಕೆಲಸ ಎಷ್ಟು ಹೊತ್ತಿನೊಳಗೆ ಆಗಲೇಬೇಕೋ ಅದಕ್ಕೆ ತಕ್ಕಂತೆ ಸರದಿ ಕೊಡುವುದು ಅದರ ಕೆಲಸ. ಧನ್ಯಾ ಮೂರು ಕೆಲಸ ಒಪ್ಪಿಸಿದ್ದಳು. ಹನಿ ಬಿದ್ದರೆ ಚಾವಣಿ ಎಳೆಯುವುದು ಎಲ್ಲಕ್ಕಿಂತ ಮೇಲು. ದೀಪಶ್ರೀಯ ಫೋನಿಗೆ ಸಂದೇಶ ಕಳಿಸುವುದು ಎರಡನೆಯದು. ಕಣದ ಬಿಸಿಲು, ತೇವಗಳನ್ನು ಮೆಮೊರಿ ಕಾರ್ಡಿಗೆ ಬರೆದಿಡುವುದು ಕೊನೆಯದು.

ಕಣದಲ್ಲಿ ಆ ವರ್ಷದ ಮೊದಲ ಕೊಯ್ಲಿನ ಹಣ್ಣು ಹರಡಿತ್ತು. ಸಿಪ್ಪೆ ಸಮೇತ ಒಣಗಿಸುವ ಹಣ್ಣು. ಅರ್ಧ ಒಣಗಿದ ಮೇಲೆ ನೆಂದರೆ ಬೂಷ್ಟು ಹಿಡಿದು ಕೆಡುತ್ತದೆ. ದೀಪಶ್ರೀ ಮೊದಲೇ ಹೇಳಿದ್ದಳು: "ಈ ಹಣ್ಣು ಕಾಪಾಡಿದ್ರೆ ನಿನ್ನ ಚಾವಣಿ ಇಲ್ಲೇ ಇರುತ್ತೆ. ಇಲ್ಲಾಂದ್ರೆ ಬಿಚ್ಚಿ ತಗೊಂಡ್ಹೋಗು ಮಾರಾಯ್ತಿ, ಬೇಜಾರು ಮಾಡ್ಕೋಬೇಡ."

ಆ ದಿನ ಬೆಳಗ್ಗೆ ಮೇಸ್ತ್ರಿ ಪುಟ್ಟಸ್ವಾಮಿ ಹನಿ ಗುರುತಿಸುವ ತಟ್ಟೆಯ ಮೇಲೆ ಚೊಂಬಿನಿಂದ ನೀರು ಚಿಮುಕಿಸಿದ. ಚಾವಣಿ ಸರಸರನೆ ಬಂದು ಮುಚ್ಚಿಕೊಂಡಿತು. ತಟ್ಟೆ ಒರೆಸಿ, ಚಾವಣಿ ತೆರೆದು ಮತ್ತೆ ಚಿಮುಕಿಸಿದ. ಏನೂ ಆಗಲಿಲ್ಲ. ಮೂವರೂ ಕಾದು, ಬೇಸತ್ತು, ಕಾಫಿ ಕುಡಿಯಲು ತಿರುಗಿದಾಗ ಹಿಂದೆ ಮೋಟಾರು ಗುಂಯ್ ಎಂದಿತು.

"ನಮ್ಮನೆ ಮಗನ ಹಂಗೇ ಇದೆಯಲ್ಲ ಧನ್ಯಮ್ಮ ಇದು. ಕರೆದಾಗ ಬರಲ್ಲ. ಊಟ ಎತ್ತಿಟ್ಟ ಮೇಲೆ ಬಂದು ನಿಲ್ತಾನೆ."

"ನಗಬೇಡಿ ಪುಟ್ಟಸ್ವಾಮಣ್ಣ. ಮನೇಲಿ ಒಂದು ಸಲಾನೂ ಹಿಂಗೆ ಮಾಡಿಲ್ಲ ಇದು."

"ಮನೇಲಿ ಎಲ್ರೂ ಒಳ್ಳೆಯವ್ರೇ ಬಿಡಿ," ಎಂದ ಪುಟ್ಟಸ್ವಾಮಿ.

ದೀಪಶ್ರೀ ನಗಲಿಲ್ಲ. ಮೋಡ ಏರಿ ಬರುವ ಚಾರ್ಮಾಡಿ ಘಾಟಿಯ ದಿಕ್ಕಿಗೆ ನೋಡುತ್ತಿದ್ದಳು.

ಧನ್ಯಾ ಕೇಬಲ್ ಹಾಕಿ ಬೋರ್ಡನ್ನು ಲ್ಯಾಪ್‌ಟಾಪಿಗೆ ಸೇರಿಸಿದಳು. ತಟ್ಟೆ ಒರೆಸಿ, ಚಾವಣಿ ತೆರೆದು ಮತ್ತೊಮ್ಮೆ ನೀರು ಚಿಮುಕಿಸಿ, ಅದು ಸುಮ್ಮನಿದ್ದಾಗ ಬೋರ್ಡಿನ ಓಟವನ್ನೇ ನಿಲ್ಲಿಸಿ ಒಳಗೆ ನೋಡಿದಳು. ಚಾವಣಿಯ ಕೆಲಸ ಕಾಯುತ್ತಿತ್ತು. ಹನಿಯ ತಟ್ಟೆಗೂ ಮೆಮೊರಿ ಕಾರ್ಡಿಗೂ ಇದ್ದದ್ದು ಒಂದೇ ತಂತಿ. ಒಬ್ಬರು ಬಳಸುವಾಗ ಇನ್ನೊಬ್ಬರು ಕಾಯಬೇಕು. ತಂತಿ ಈಗ ಕಾರ್ಡಿನ ಕೈಯಲ್ಲಿತ್ತು. ಆದರೆ ಕಾರ್ಡಿಗೆ ಬರೆಯುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. ಇಷ್ಟು ಹೊತ್ತು ಅದನ್ನು ಹಿಡಿದಿಟ್ಟುಕೊಂಡಿರುವುದೇಕೆ?

ಅಷ್ಟರಲ್ಲಿ ಮಂಜು ತೋಟದಿಂದ ಕಣಕ್ಕೆ ಇಳಿಯಿತು. ಸಿಲ್ವರ್ ಓಕ್ ಮರಗಳ ತಲೆಗಳು ಮಾಯವಾದವು, ಆಮೇಲೆ ಕಾಂಡಗಳು. ಹಕ್ಕಿಯೊಂದು ಕೂಗುತ್ತಿದ್ದದ್ದು ನಡುವೆಯೇ ನಿಂತಿತು. ತಾನು ಒತ್ತಿದ ಕೀಲಿ ಬೋರ್ಡನ್ನಷ್ಟೇ ಅಲ್ಲ, ಬಾಳೂರನ್ನೇ ನಿಲ್ಲಿಸಿಬಿಟ್ಟಿತೇನೋ ಎಂದು ಧನ್ಯಾಗೆ ಅನ್ನಿಸಿತು. ಇಳಿಜಾರಿನ ಗಿಡಗಳು, ಎಲೆಯ ತುದಿಯ ನೀರು, ಒಲೆಯ ಹೊಗೆ, ಎಲ್ಲವೂ ಅವಳು ಬಂದು ಮುಂದೆ ಓಡಿಸಲಿ ಎಂದು ನಿಂತಂತಿತ್ತು. ಹಾಗೆ ಅನ್ನಿಸಿದ್ದರಿಂದಲೇ ಅವಳು ಲ್ಯಾಪ್‌ಟಾಪನ್ನು ಹಾಗೇ ಬಿಟ್ಟು ಎದ್ದಳು. ಕಾಲೇಜಿನಲ್ಲಿ ತನ್ನ ಜೊತೆ ಕಲಿತ ಗಾನವಿಯನ್ನು ಕೇಳಬೇಕು. ಫೋನಿಗೆ ಸಿಗ್ನಲ್ ಸರಿಯಾಗಿ ಸಿಗುವುದು ಹಳ್ಳದಾಚೆ ಮಾತ್ರ.

ಹಳ್ಳಕ್ಕೆ ಒಂದೇ ಮರದ ಸಂಕ, ಒಬ್ಬರು ದಾಟುವಷ್ಟು ಅಗಲ. ದಾಟಿ ಬಂಡೆಯ ಮೇಲೆ ಕುಳಿತಳು. ಸಂಕದ ತುದಿಯಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶಿಲ್ಪಾ ಫೋನ್ ಕಿವಿಗಿಟ್ಟು ಅತ್ತಿತ್ತ ಓಡಾಡುತ್ತಿದ್ದಳು. "ಹಲೋ... ಕೇಳ್ತಿದೆಯಾ? ಹಲೋ... ಈಗ ಕೇಳ್ತಿದೆಯಾ?"

ಮಂಜಿನೊಳಗಿಂದ ತೋಟದ ಕೆಲಸದ ದ್ಯಾವಮ್ಮ ಸೌದೆ ಹೊರೆ ಹೊತ್ತು ಸಂಕದ ಮೇಲೆ ಬಂದಳು. ರೈಟರಮ್ಮ ದಾರಿಯಲ್ಲಿದ್ದಾರೆಂದು ತುದಿಗೆ ಬಂದು ನಿಂತಳು. ಶಿಲ್ಪಾ ಅವಳನ್ನು ನೋಡಲೇ ಇಲ್ಲ. ದ್ಯಾವಮ್ಮನ ಹಿಂದೆ ಪುಟ್ಟಸ್ವಾಮಿ ಓಡುತ್ತ ಬಂದ. ತನಗೆ ದಾರಿ ಕೊಡೆಂದು ಅವನು ದ್ಯಾವಮ್ಮನನ್ನು ಕೇಳಲಿಲ್ಲ. ಹೊರೆ ಹೊತ್ತವರನ್ನು ಸಂಕದ ಮೇಲೆ ಹಿಂದಕ್ಕೆ ಸರಿಸುವ ಪದ್ಧತಿ ಅಲ್ಲಿಲ್ಲ. ಅವಸರದವನು ತನ್ನ ಅವಸರವನ್ನು ಮುಂದಿದ್ದವರಿಗೆ ಕೊಡುತ್ತಾನೆ.

"ಶಿಲ್ಪಮ್ಮಾ! ದ್ಯಾವಮ್ಮಂಗೆ ದಾರಿ ಬಿಡ್ರೀ ಮೊದ್ಲು! ದೊಡ್ಡಮ್ಮೋರ ಕೆಲಸ!"

"ನಂದೆಲ್ಲಿ ದೊಡ್ಡಮ್ಮೋರ ಕೆಲಸ ಮಾರಾಯ, ಸೌದೆ ಅಲ್ವಾ?" ಎಂದಳು ದ್ಯಾವಮ್ಮ.

"ಈಗ ಅದೂ ಅವರದ್ದೇ. ನಡಿ!"

ಶಿಲ್ಪಾ ಪಕ್ಕಕ್ಕೆ ಹಾರಿದಳು. ದ್ಯಾವಮ್ಮ ಇಳಿದಳು. ಪುಟ್ಟಸ್ವಾಮಿ ದಾಟಿ ಗೋದಾಮಿನತ್ತ ಓಡಿದ. "ಮೋಡ ಇಳೀತಿದೆ ಧನ್ಯಮ್ಮ, ಟಾರ್ಪಲ್ ತರ್ತೀನಿ!"

ಗಾನವಿಗೆ ಫೋನ್ ಮಾಡದೆಯೇ ಧನ್ಯಾ ಬಂಡೆಯಿಂದ ಎದ್ದಳು. ಹಲೋ, ಕೇಳ್ತಿದೆಯಾ? ಅವಳ ಬೋರ್ಡಿನಲ್ಲೂ ಅದೇ ನಡೆಯುತ್ತಿತ್ತು. ಸಂದೇಶದ ಕೆಲಸ ನೆಟ್‌ವರ್ಕಿಗಾಗಿ ಬಿಡುವಿಲ್ಲದೆ ಕೂಗುತ್ತಿತ್ತು, ಕೂಗಿ ಸೋಲುವವರೆಗೂ ತನಗಿಂತ ಕೆಳಗಿನ ಕಾರ್ಡಿಗೆ ಸರದಿಯನ್ನೇ ಕೊಡುತ್ತಿರಲಿಲ್ಲ. ಸರದಿ ಸಿಗದ ಕಾರ್ಡು ತಂತಿ ಬಿಡುತ್ತಿರಲಿಲ್ಲ. ತಂತಿ ಸಿಗದೆ ಎಲ್ಲರಿಗಿಂತ ಮೇಲಿನ ಕೆಲಸ ಕಾಯುತ್ತಿತ್ತು. ಗೋಣಿಬೀಡಿನ ಮಹಡಿಯಲ್ಲಿ ಸಿಗ್ನಲ್ ತುಂಬಿ ತುಳುಕುತ್ತದೆ; ಅಲ್ಲಿ ಸಂದೇಶ ತಕ್ಷಣ ಹೋಗುತ್ತಿತ್ತು. ಬಾಳೂರಿನ ಕಣಕ್ಕೆಂದು ಮಾಡಿದ್ದನ್ನು ಅವಳು ಬಾಳೂರಿನಂಥ ಜಾಗದಲ್ಲಿ ಪರೀಕ್ಷಿಸಿರಲಿಲ್ಲ.

ಸಂಕದ ನಡುವೆ ಬಂದಾಗ ಇನ್ನೊಂದು ನೆನಪಾಯಿತು. ಬೋರ್ಡು ನಿಂತೇ ಇದೆ. ಈಗ ಮಳೆ ಬಂದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಕಣದಲ್ಲಿ ದೀಪಶ್ರೀ ಒಬ್ಬಳೇ ಹಣ್ಣನ್ನು ಗುಡ್ಡೆಗೆ ಎಳೆಯುತ್ತಿದ್ದಳು. "ಎಲ್ಲಿ ಹೋಗಿದ್ದೆ?"

"ಸಿಕ್ತು ಅಕ್ಕ. ಸ್ವಲ್ಪ ತಡೀರಿ."

"ನಾನು ತಡೀತೀನಿ. ಅದು ತಡಿಯುತ್ತಾ?" ದೀಪಶ್ರೀ ಮೇಲಕ್ಕೆ ಕೈ ತೋರಿಸಿದಳು.

ಬದಲಾಯಿಸಬೇಕಾದದ್ದು ಎರಡೇ. ಮೇಲಿನವನು ಕಾಯುತ್ತಿರುವಷ್ಟು ಹೊತ್ತು ಅವನ ದರ್ಜೆ ತಂತಿ ಹಿಡಿದವನಿಗೆ ಸಿಗಬೇಕು. ಸಂದೇಶದ ಕೆಲಸ ಒಮ್ಮೆ ಕೂಗಿದರೆ ಸ್ವಲ್ಪ ಹೊತ್ತು ಮಲಗಬೇಕು. ಬರೆದಳು. ಲ್ಯಾಪ್‌ಟಾಪ್ ಅದನ್ನು ಬೋರ್ಡಿನ ಭಾಷೆಗೆ ತಿರುಗಿಸತೊಡಗಿತು. ಪರದೆಯ ಮೇಲೆ ನೀಲಿ ಪಟ್ಟಿ ನಿಧಾನ ಬೆಳೆಯಿತು. ಮಂಜು ಈಗ ಮಂಜಾಗಿರಲಿಲ್ಲ, ಮುಖಕ್ಕೆ ತಾಗುತ್ತಿತ್ತು. ಮೊದಲ ಹನಿ ಅವಳ ಮಣಿಕಟ್ಟಿನ ಮೇಲೆ ಬಿತ್ತು, ಎರಡನೆಯದು ಕೀಲಿಯ ಮೇಲೆ. ಅದನ್ನು ಗಾಳಿಯಲ್ಲಿ ನಿಲ್ಲಿಸಲು ಯಾವ ಕೀಲಿಯೂ ಇರಲಿಲ್ಲ.

ಪಟ್ಟಿ ತುಂಬಿತು. ಬೋರ್ಡು ಎಚ್ಚರವಾಯಿತು. ನೆಟ್‌ವರ್ಕ್ ಹುಡುಕುವ ಕೆಂಪು ದೀಪ ಮಿಣುಕಿ ಆರಿತು. ಕಾರ್ಡಿನ ಹಸಿರು ಹತ್ತಿತು, ಆರಿತು. ಮೋಟಾರು ಗುಂಯ್ ಎಂದಿತು.

ಚಾವಣಿ ಹಣ್ಣಿನ ಮೇಲೆ ಹಾದು ಬರುವಾಗ ದೀಪಶ್ರೀ ಹಣ್ಣು ಎಳೆಯುವ ಹಲುಬೆ ಹಿಡಿದು ಹಾಗೇ ನಿಂತಿದ್ದಳು. ಅಂಚಿನ ಒಂದು ಸಾಲು ನೆನೆದಿತ್ತು. ಉಳಿದದ್ದೆಲ್ಲ ಒಣಗಿಯೇ ಇತ್ತು, ಕಂದು ಕೆಂಪಾಗಿ, ಒಣದ್ರಾಕ್ಷಿಯ ವಾಸನೆ ಬಿಡುತ್ತ. ಪ್ಲಾಸ್ಟಿಕ್ಕಿನ ಮೇಲೆ ಮಳೆ ಬೀಳುವುದನ್ನು ಇಬ್ಬರೂ ಕೆಳಗಿನಿಂದ ನೋಡಿದರು. ಹನಿ ಬಿದ್ದು, ಹರಡಿ, ಜಾರಿ ಹೋಗುತ್ತಿತ್ತು.

ಪುಟ್ಟಸ್ವಾಮಿ ಟಾರ್ಪಲ್ ಹೊತ್ತು ತೊಯ್ದು ಬಂದ. "ಇದನ್ನೇನು ಮಾಡ್ಲಿ ಈಗ?"

"ಹೊದ್ಕೊಳ್ಳಿ," ಎಂದಳು ದೀಪಶ್ರೀ. "ಆಮೇಲೆ ಆ ನೆಂದ ಸಾಲನ್ನ ಬೇರೆ ತೆಗೀರಿ. ಚಾವಣಿ ಬಿಚ್ಚೋದು ಬೇಡ."

ಸಂಜೆ ಬಿಸಿಲು ಬಿದ್ದ ಮೇಲೆ ದೀಪಶ್ರೀ ಹಳ್ಳ ದಾಟಿ ಹೋದಾಗ ಸಂಕದ ತುದಿಯಲ್ಲಿ ಅವಳ ಫೋನು ಸದ್ದು ಮಾಡಿತು. ಮಲಗಿ ಎದ್ದು ಕೂಗುತ್ತಿದ್ದ ಬೋರ್ಡಿಗೆ ಯಾವಾಗಲೋ ಎಳೆಯಷ್ಟು ನೆಟ್‌ವರ್ಕ್ ಸಿಕ್ಕಿತ್ತು; ಕಣದಲ್ಲಿ ಮಳೆ ಶುರುವಾಗಿದೆ ಎಂದಿತ್ತು ಸಂದೇಶ. ಅವಳು ಓದಿ, ಬಿಸಿಲಿನತ್ತ ನೋಡಿ, ಹಿಂದೆ ಬರುತ್ತಿದ್ದ ದ್ಯಾವಮ್ಮನಿಗೆ ದಾರಿ ಬಿಟ್ಟಳು.