ಖಾಲಿ ಬಿಟ್ಟ ಸಾಲು

ಮಹಾನಂದಾ ಕೀಲಿಯನ್ನು ಬೀಗಕ್ಕೆ ಹಾಕಿದ್ದಳು, ಇನ್ನೂ ತಿರುವಿರಲಿಲ್ಲ. ಬೆನ್ನ ಹಿಂದೆ ರಸ್ತೆಯಲ್ಲಿ ಟೆಂಪೋ ಗುಡುಗುಡು ಎನ್ನುತ್ತ ನಿಂತಿತ್ತು. ಅದರೊಳಗೆ ಬಿಳಿ ಚಾದರ ಹೊದ್ದು, ಬೋರ್ಡ್ ಬರೆಯುವ ನಾಗಲಿಂಗಪ್ಪ ಮಲಗಿದ್ದರು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಂಡತಿ ಬಸವೇಶ್ವರಿ ಕೂತಿದ್ದರು.

ಬೆಳಿಗ್ಗೆ ದವಾಖಾನೆಯಲ್ಲಿ ಅವರ ಉಸಿರು ನಿಂತಿತ್ತು. ಅಲ್ಲಿಂದ ಅವರ ಬಾಡಿಗೆ ಮನೆಯ ಮುಂದೆ ಹೋದರೆ ಮಾಲೀಕ ಗೇಟು ಹಾಕಿಕೊಂಡು, ಒಳಗಿನಿಂದಲೇ ಕೈ ಮುಗಿದು ನಿಂತಿದ್ದ. "ಮನಿ ಕಟ್ಟಿ ವರ್ಷ ಆಗಿಲ್ಲರಿ. ಮಗಳ ಲಗ್ನ ಬ್ಯಾರೆ ಮುಂದೈತಿ. ತಪ್ಪು ತಿಳೀಬ್ಯಾಡ್ರಿ, ಹೆಣಾ ಮಾತ್ರ ಒಳಗ ತರಬ್ಯಾಡ್ರಿ" ಎಂದಿದ್ದ. ಹಳೆ ಬಾಗಲಕೋಟೆಯಲ್ಲಿ ನಾಗಲಿಂಗಪ್ಪನವರಿಗೂ ಸ್ವಂತ ಮನೆಯಿತ್ತು, ಅದೀಗ ಅಣೆಕಟ್ಟಿನ ಹಿನ್ನೀರಿನ ಪಾಲು. ನವನಗರದಲ್ಲಿ ಅದರ ಬದಲಿಗೆ ಸಿಕ್ಕ ಪ್ಲಾಟಿನಲ್ಲಿ ಬರೀ ಪಾಯ ಎದ್ದಿತ್ತು. ಪಾಯದ ಮೇಲೆ ಉರಿಬಿಸಿಲಲ್ಲಿ ಹೆಣ ಕೂರಿಸಲಾದೀತೇ? ಉಳಿದದ್ದು ಅವರು ಇನ್ನು ಮೂವರ ಜೊತೆ ಹಂಚಿಕೊಂಡು ಕೆಲಸ ಮಾಡುತ್ತಿದ್ದ ಈ ಬಾಡಿಗೆ ಹಾಲ್ ಒಂದೇ.

"ಅಕ್ಕಾ, ಕೀಲಿ ತಿರವು. ಬಿಸಲ ಏರಾಕತ್ತೈತಿ" ಎಂದ ರೇಡಿಯೋ ರಿಪೇರಿಯ ದುರ್ಗಪ್ಪ.

"ತಡಿಯೋ. ಆಕಿ ವಿಚಾರ ಮಾಡ್ಲಿ. ಕರಾರುಪತ್ರ ಆಕಿ ಹೆಸರಿಲೆ ಐತಿ" ಎಂದರು ಹಣಮಪ್ಪ ಮಾಸ್ತರು. ಅರ್ಜಿ ಟೈಪು ಮಾಡುವ ಮಾಸ್ತರು ಆ ಕರಾರನ್ನೂ ತಾವೇ ಟೈಪು ಮಾಡಿದ್ದರು. ಕೆಲಸದ ಹೊರತು ಬೇರೆ ಯಾವುದಕ್ಕೂ ಹಾಲ್ ಬಳಸಿದರೆ ಅಂದೇ ಖಾಲಿ ಮಾಡತಕ್ಕದ್ದು ಎಂಬ ಸಾಲು ಅವರಿಗೆ ಬಾಯಿಪಾಠವಾಗಿತ್ತು. ಅದನ್ನು ಈಗ ಹೇಳಲೂ ಆಗದೆ ನುಂಗಲೂ ಆಗದೆ ಕನ್ನಡಕ ಒರೆಸುತ್ತ ನಿಂತರು.

ಹಾಲ್ ಹೋದರೆ ಮಹಾನಂದಾ ಮಗಳು ಪ್ರೀತಿಯನ್ನು ಕರೆದುಕೊಂಡು ಹುನಗುಂದದ ಅಣ್ಣನ ಮನೆಗೆ ಹೋಗಬೇಕು. ತಾನಿರುವ ಒಂದು ಖೋಲಿಯಲ್ಲಿ ಹೊಲಿಗೆ ಮಷೀನು ಹಿಡಿಸುವುದಿಲ್ಲ, ಮಷೀನು ಇಲ್ಲದೆ ಒಲೆ ಹೊತ್ತುವುದಿಲ್ಲ. ಅಣ್ಣನ ಮನೆಯಲ್ಲೂ ಮಷೀನಿಗೆ ಜಾಗವಿಲ್ಲವೆಂದು ಅತ್ತಿಗೆ ಮೊದಲೇ ತಿಳಿಸಿದ್ದಳು. ಮಷೀನಿಗೆ ಜಾಗವಿಲ್ಲ ಎಂದರೆ ಯಾರಿಗೆ ಜಾಗವಿಲ್ಲ ಎಂದು ತಿಳಿಯದಷ್ಟು ದಡ್ಡಿಯಲ್ಲ ಮಹಾನಂದಾ.

ಅವಳು ತಿರುಗಿ ನೋಡಿದಳು. ಬಸವೇಶ್ವರಿ ಅಳುತ್ತಿರಲಿಲ್ಲ. ಗಂಡನ ಮುಖದ ಮೇಲೆ ಬಿಸಿಲು ಬೀಳದಂತೆ ಸೆರಗು ಹಿಡಿದಿದ್ದರು, ಒಂದು ಕೈ ಸೋತಾಗ ಇನ್ನೊಂದು ಕೈಗೆ ಬದಲಿಸಿಕೊಂಡರು.

ಮಹಾನಂದಾ ಕೀಲಿ ತಿರುವಿದಳು.

*

ನಾಲ್ಕು ವರ್ಷದ ಹಿಂದೆ, ತೊಂಬತ್ತೊಂಬತ್ತರಲ್ಲಿ, ಹಳೆ ಊರಿನ ಪೇಟೆಯ ಅಂಗಡಿಗಳನ್ನು ಒಡೆಯುತ್ತಿದ್ದಾಗ ಅವಳು ಇದೇ ಬಾಗಿಲ ಮುಂದೆ ಕೈಗಾಡಿ ನಿಲ್ಲಿಸಿದ್ದಳು. ಗಾಡಿಯ ಮೇಲೆ ಹೊಲಿಗೆ ಮಷೀನು, ಮಷೀನಿನ ಪಕ್ಕದಲ್ಲಿ ಪ್ರೀತಿ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಇಳಕಲ್ಲಿಗೆ ಹೋಗಿ ಆಗಲೇ ಎರಡು ವರ್ಷವಾಗಿತ್ತು. ನವನಗರದ ಸೆಕ್ಟರುಗಳನ್ನೆಲ್ಲ ಸುತ್ತಿ, ಒಂಟಿ ಹೆಂಗಸಿಗೆ ಅಂಗಡಿ ಕೊಡುವುದಿಲ್ಲ ಎಂಬ ಮಾತನ್ನು ಏಳೆಂಟು ಕಡೆ ಕೇಳಿ ಬಂದಿದ್ದಳು.

ಗೋಡೆಗೆ ಒಂದು ಬೋರ್ಡ್ ಒರಗಿಸಿಕೊಂಡು ವಯಸ್ಸಾದವರೊಬ್ಬರು ಕುಕ್ಕರಗಾಲಲ್ಲಿ ಕೂತಿದ್ದರು. ಬೋರ್ಡಿನ ಮೇಲೆ ಎರಡೇ ಹೆಸರು. ಹಣಮಪ್ಪ, ಟೈಪಿಂಗ್ ಮತ್ತು ಅರ್ಜಿ. ದುರ್ಗಪ್ಪ, ರೇಡಿಯೋ ಟಿ.ವಿ. ರಿಪೇರಿ. ಅದರ ಕೆಳಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದ ಒಂದು ಖಾಲಿ ಸಾಲು.

"ಇಲ್ಲಿ ಜಾಗ ಸಿಗತೈತೇನ್ರಿ ಕಾಕಾ?"

"ಕಾಣಂಗಿಲ್ಲೇನವಾ, ಒಂದ ಸಾಲು ಖಾಲಿ ಐತಿ. ಹೆಸರೇನು?"

ಅವಳು ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕುಂಚ 'ಮ' ಬರೆದಾಗಿತ್ತು. ಅವಳು ಗಾಬರಿಯಾಗಿ ಬಾಡಿಗೆ ಎಷ್ಟು ಎಂದು ಕೇಳಿದಳು.

"ಅದನ್ನ ಆಮ್ಯಾಲ ಮಾತಾಡೂಣು. ಮೊದಲ ಕೂಸಿನ್ನ ನೆಳ್ಳಿಗೆ ತಗೊಂಡು ಬಾ."

ಅವಳ ಹೆಸರು ಮುಗಿದ ಮೇಲೆ ಅವರು ಮತ್ತೆ ಸೀಮೆಸುಣ್ಣ ತೆಗೆದು ಕೆಳಗೆ ಇನ್ನೊಂದು ಗೆರೆ ಎಳೆದಿದ್ದರು.

ನಾಲ್ಕು ಮೇಜು, ಒಂದೇ ಫ್ಯಾನು. ಯಾರ ಗಿರಾಕಿ ಬಂದರೂ ಚಹಾ ನಾಲ್ವರಿಗೂ ಬರಬೇಕೆಂಬುದು ಅಲ್ಲಿನ ಕಾಯಿದೆ. ಪ್ರೀತಿಗೆ ಟೈಫಾಯ್ಡ್ ಆದಾಗ ದುರ್ಗಪ್ಪ ಮೂರು ದಿನ ಕುಪ್ಪಸಗಳಿಗೆ ಗುಂಡಿ ಹಚ್ಚಿದ. ಸಾಲಿನಿಂದ ಜಾರಿದ ಆ ಗುಂಡಿಗಳ ಬಗ್ಗೆ ಹೆಂಗಸರು ಇವತ್ತಿಗೂ ಆಡಿಕೊಳ್ಳುತ್ತಾರೆ. ಮಾಸ್ತರ ಕಣ್ಣಿಗೆ ಪೊರೆ ಬಂದಾಗ ಮಹಾನಂದಾ ಕಾಗದ ಓದಿ ಹೇಳಿದಳು, ಅವರು ಕೀಗಳನ್ನು ಬೆರಳಲ್ಲೇ ಹುಡುಕಿ ಕುಟ್ಟಿದರು.

ಇನ್ನು ಕಳೆದ ವರ್ಷದಿಂದ ನಾಗಲಿಂಗಪ್ಪನವರ ಕೈ ನಡುಗುತ್ತಿತ್ತು. ಅದು ಊರಿಗೆ ಗೊತ್ತಾಗಲಿಲ್ಲ. ಅವರು ಕುಂಚ ಅದ್ದಿದರೆಂದರೆ ಮಹಾನಂದಾ ಮಷೀನು ನಿಲ್ಲಿಸಿ ಎದ್ದು ಬಂದು ಅವರ ಮಣಿಕಟ್ಟು ಹಿಡಿದು ನಿಲ್ಲುತ್ತಿದ್ದಳು. ಅಕ್ಷರ ಅವರದು, ಬಿಗಿ ಅವಳದು. ನವನಗರದ ಎಷ್ಟೋ ಅಂಗಡಿಗಳು ಹಾಗೆ ಹೆಸರು ಬರೆಸಿಕೊಂಡವು.

*

ಮೇಜುಗಳನ್ನು ಗೋಡೆಗೆ ತಳ್ಳಿ, ದೇಹಕ್ಕೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಅವರದೇ ಮೂಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದರು. ಬಣ್ಣದ ಡಬ್ಬಿಗಳ ನಡುವೆ ಅವರು ಯಾವತ್ತಿನಂತೆ ಕಂಡರು. ಅದನ್ನು ನೋಡಿದ್ದೇ ಬಸವೇಶ್ವರಿ ಬಿಕ್ಕಿ ಅತ್ತರು.

ಮಧ್ಯಾಹ್ನದ ಹೊತ್ತಿಗೆ ಹಾಲ್‌ನ ಮಾಲೀಕ ಶಿವಲಿಂಗಪ್ಪ ಬಂದ. ಸ್ಕೂಟರ್ ನಿಲ್ಲಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದು, ತಂದಿದ್ದ ಹಾರವನ್ನು ಹೆಣದ ಕೊರಳಿಗೆ ಹಾಕಿ ಉದ್ದಕ್ಕೆ ನಮಸ್ಕಾರ ಮಾಡಿದ. ಎದ್ದವನು ಮಹಾನಂದಾಳನ್ನು ಬಾಗಿಲ ಹೊರಗೆ ಕರೆದ. ಭಜನೆಯ ತಾಳ ಒಳಗೆ ನಡೆದೇ ಇತ್ತು.

"ಭಾಳ ಛಲೋ ಮನಶ್ಯಾ ಇದ್ದ. ಅದು ಬ್ಯಾರೆ. ನನ್ನ ಕೇಳದ ಬಾಗಲಾ ತೆಗದಿ ಯಾಕ?"

"ಕೇಳಿದ್ರ ಒಲ್ಲೆ ಅಂತಿದ್ರಿ."

ಇಷ್ಟು ನೇರ ಉತ್ತರವನ್ನು ಶಿವಲಿಂಗಪ್ಪ ನಿರೀಕ್ಷಿಸಿರಲಿಲ್ಲ. ಹೆಣ್ಣುಮಗಳ ಹೆಸರಿನಲ್ಲಿ ಕರಾರಾದರೆ ತಂಟೆ ಇರುವುದಿಲ್ಲವೆಂದು ನಂಬಿಯೇ, ಕಳೆದ ಸಲ ಕರಾರು ಹೊಸದು ಮಾಡುವಾಗ ಅವನು ಅವಳ ಸಹಿ ಹಾಕಿಸಿಕೊಂಡಿದ್ದ.

"ನಾಳಿ ಈ ಹಾಲ್ ಯಾರ ಹಿಡೀತಾರ ಹೇಳು? ಮ್ಯಾಲಿನ ಖೋಲಿಯವ್ರು ಆಗಲೇ ಬಿಡತೀವಿ ಅನ್ನಾಕತ್ತಾರ. ಸಂಜಿ ಅನ್ನೂದರಾಗ ಖಾಲಿ ಆಗಬೇಕು. ಶಾಂತಿ ಮಾಡಸ್ತೀನಿ, ಸುಣ್ಣಾ ಹೊಡಸ್ತೀನಿ. ಮತ್ತ ಆ ಬೋರ್ಡ್ ನನ್ನ ಗ್ವಾಡಿ ಮ್ಯಾಲಿಂದ ಈಗ ಇಳಿಬೇಕು."

"ಮಣ್ಣ ಆಗೋತನಾರ ತಡೀರಿ."

"ಮಣ್ಣ ಮಾಡಿ ಬರ್ರಿ, ಯಾರ ಬ್ಯಾಡ ಅಂದ್ರು? ಬೋರ್ಡ್ ಮಾತ್ರ ಈಗ."

ದುರ್ಗಪ್ಪ ಬಾಗಿಲಿಗೆ ಬಂದಿದ್ದ. ಅವನ ಮುಷ್ಟಿ ಬಿಗಿದಿದ್ದನ್ನು ಮಹಾನಂದಾ ಕಂಡಳು. "ದುರ್ಗಪ್ಪಾ, ಕಾಕಾ ಒಳಗ ಅದಾರ" ಎಂದಳು. ಅವನು ಮುಷ್ಟಿ ಸಡಿಲಿಸಿ, ಸ್ಟೂಲು ತಂದು, ಮೊಳೆ ಕೀಳತೊಡಗಿದ. ಕಿರ್ ಎಂದು ಬಿಟ್ಟ ಒಂದೊಂದು ಮೊಳೆಯನ್ನೂ ಮಹಾನಂದಾ ಸೆರಗಿನಲ್ಲಿ ಹಿಡಿದುಕೊಂಡಳು.

ಆಗಲೇ, ಕ್ರಿಯೆ ಮಾಡಿಸಲು ಬಂದಿದ್ದ ಸಂಗಯ್ಯ ಸ್ವಾಮಿಗಳು ಒಳಗಿನಿಂದ ಹೊರಬಂದರು. ಹೆಣ ಕೂರಿಸಿ ಹೊರಲು ಬಿದಿರಿನ ವಿಮಾನ ಕಟ್ಟುತ್ತಿದ್ದವರ ಕೆಲಸ ಅವರಿಗೆ ಸಮಾಧಾನವಾಗಿರಲಿಲ್ಲ.

"ಬೆನ್ನಿಗೆ ಆಸರಾ ಇಲ್ಲ. ನಾಕು ಹೆಜ್ಜಿ ನಡದ್ರ ದೇಹಾ ವಾಲತೈತಿ. ಒಂದು ಹಲಗಿ ನೋಡ್ರಿ."

ದುರ್ಗಪ್ಪನ ಕೈಯಲ್ಲಿ ಬೋರ್ಡ್ ಇತ್ತು. ಸ್ವಾಮಿಗಳು ಅದನ್ನು ಕೈಯಿಂದ ಅಳೆದು ನೋಡಿ, "ಇದ ಸಾಕು" ಎಂದರು.

*

ಮೆರವಣಿಗೆ ಸೆಕ್ಟರುಗಳ ನಡುವೆ ಹೊರಟಿತು. ಮಹಾನಂದಾ ವಿಮಾನದ ಹಿಂದೆಯೇ ಬಸವೇಶ್ವರಿಯವರ ರಟ್ಟೆ ಹಿಡಿದು ನಡೆಯುತ್ತಿದ್ದಳು. ಅವಳ ಕಣ್ಣಿಗೆ ಕಾಕಾ ಕಾಣುತ್ತಿರಲಿಲ್ಲ, ಅವರ ಬೆನ್ನಿಗೆ ಕಟ್ಟಿದ ಬೋರ್ಡ್ ಕಾಣುತ್ತಿತ್ತು. ಹಣಮಪ್ಪ, ದುರ್ಗಪ್ಪ, ಮಹಾನಂದಾ. ಅದರ ಕೆಳಗೆ ಖಾಲಿ ಸಾಲು. ಎಡಬಲದ ಅಂಗಡಿಗಳ ಮೇಲೆಲ್ಲ ಅವರೇ ಬರೆದ ಅಕ್ಷರ. ಕಿರಾಣಿಯವರು, ಸೈಕಲ್ ಶಾಪಿನವರು ಅರ್ಧ ಬಾಗಿಲು ಎಳೆದು, ಕೈ ಮುಗಿದು, ಬೋರ್ಡ್ ಓದುತ್ತಿದ್ದರು. ಇಷ್ಟು ಹೆಸರು ಬರೆದವರ ಹೆಸರು ಎಲ್ಲಿಯೂ ಇರಲಿಲ್ಲ.

ಹೋದ ಮಂಗಳವಾರವಷ್ಟೇ ಅವರು ಬೋರ್ಡಿನ ಅಂಚಿಗೆ ಹೊಸ ಬಣ್ಣ ಬಳಿದಿದ್ದರು. ಮಣಿಕಟ್ಟು ಹಿಡಿದು ನಿಂತಿದ್ದ ಮಹಾನಂದಾ, "ಕಾಕಾ, ನಾಕು ವರ್ಷಾತು, ಯಾರೂ ಬರಲಿಲ್ಲ. ಆ ಸಾಲಿನ್ಯಾಗ ನಿಮ್ಮ ಹೆಸರರ ಬರೀರಿ" ಎಂದು ಕೆಣಕಿದ್ದಳು.

"ನಾ ಬರದ್ನೆಂದ್ರ ಬೋರ್ಡ್ ತುಂಬತೈತಿ. ತುಂಬಿದ ಬೋರ್ಡ್ ನೋಡಿ ಬರೋರು ಹಂಗ ಮುಂದ ಹೋಗಿಬಿಡ್ತಾರ" ಎಂದಿದ್ದರು ಅವರು. "ನೀನೂ ಅವತ್ತ ಹೋಗಿಬಿಡ್ತಿದ್ದಿ."

ಆಗ ಅವಳು ನಕ್ಕಿದ್ದಳು. ಈಗ ಅದು ನೆನಪಾಯಿತು. ನಡುರಸ್ತೆಯಲ್ಲೇ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟಳು.

ಕುಣಿಯಲ್ಲಿ ಕೂರಿಸಿ, ಪತ್ರಿ ವಿಭೂತಿ ಸುರಿದು ಮಣ್ಣು ಎಳೆದಾಯಿತು. ಬಿದಿರನ್ನು ಅಲ್ಲಿಯೇ ಬಿಟ್ಟರು. ಬೋರ್ಡ್ ಬಿಡಲು ದುರ್ಗಪ್ಪ ಒಪ್ಪಲಿಲ್ಲ, ತೊಳೆದು ಹೆಗಲ ಮೇಲೆ ಹೊತ್ತು ತಂದ.

ಅವರು ಮಿಂದು ಬಂದಾಗ ಶಿವಲಿಂಗಪ್ಪ ಹೊಸ ಬೀಗ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. ಜಗಳಕ್ಕೆ ತಯಾರಾಗಿದ್ದವನಿಗೆ ಯಾರೂ ಜಗಳ ಕೊಡಲಿಲ್ಲ. ಮಹಾನಂದಾ ಹಳೆಯ ಕೀಲಿಯನ್ನು ಅವನ ಅಂಗೈಯಲ್ಲಿಟ್ಟಳು. ಹೊಲಿಗೆ ಮಷೀನಿನ ಒಂದು ತುದಿಯನ್ನು ಅವಳು ಎತ್ತಿದಾಗ, ಇನ್ನೊಂದು ತುದಿಗೆ ಅವನೇ ಕೈ ಹಚ್ಚಿದ. ಕೆಟ್ಟವನೇನಲ್ಲ, ಆದರೆ ಮಾತು ಬದಲಿಸುವವನೂ ಅಲ್ಲ.

ಎದುರಿನ ಬೇವಿನ ಮರದ ಬುಡಕ್ಕೆ ಎಲ್ಲ ಬಂದು ಬಿದ್ದಿತು. ಮೇಜುಗಳು, ಟೈಪ್‌ರೈಟರು, ಹೊಟ್ಟೆ ಬಿಚ್ಚಿದ ರೇಡಿಯೋಗಳು, ಬಣ್ಣದ ಡಬ್ಬಿಗಳು. ನಾಳೆ ಯಾರು ಎಲ್ಲಿ ಎಂಬುದು ಒಬ್ಬರಿಗೂ ಗೊತ್ತಿರಲಿಲ್ಲ.

"ನಾ ಹುನಗುಂದಕ್ಕ ಹೋಗ್ತೇನ್ರಿ ಮಾಸ್ತರ" ಎಂದಳು ಮಹಾನಂದಾ. ತನ್ನ ದನಿ ತನಗೇ ಕೇಳದಂತೆ ಹೇಳಿದಳು.

ದುರ್ಗಪ್ಪ ಬೋರ್ಡನ್ನು ತಂತಿಯಿಂದ ಮರಕ್ಕೆ ಬಿಗಿದು, ಕುಂಚವನ್ನು ಅವಳ ಮುಂದೆ ಹಿಡಿದ. "ಹೋಗೂದಾದ್ರ ಹೋಗು. ಮೊದಲ ಆ ಸಾಲಿನ್ಯಾಗ ಕಾಕಾನ ಹೆಸರು ಬರಿ. ಅವರ ಕೈ ಹಿಡದಾಕಿ ನೀನ."

ಅವಳು ಕುಂಚ ತೆಗೆದುಕೊಂಡಳು. ಕಪ್ಪು ಬಣ್ಣದಲ್ಲಿ ಅದ್ದಿ ಎತ್ತಿದಳು.

"ಯವ್ವಾ, ಬೋರ್ಡ್ ಬರಿಯೋ ಮುತ್ಯಾ ಇಲ್ಲೇ ಇರ್ತಾರೇನ್ರಿ?"

ಹಿಂದೆ ಒಬ್ಬ ಹೆಂಗಸು ನಿಂತಿದ್ದಳು. ತಲೆಯ ಮೇಲೆ ಹಳೆಯ ಸೀರೆಗಳ ದೊಡ್ಡ ಗಂಟು.

"ನಮ್ಮ ಊರು ಮುಳುಗೇತ್ರಿ. ಹಳೆ ಸೀರಿ ಕೂಡಿಸಿ ಕೌದಿ ಹೊಲೀತೇನ್ರಿ. ಮೊನ್ನಿ ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕಿದ್ರು, ಸೋಮವಾರ ಬಾ, ಒಂದ ಸಾಲು ಖಾಲಿ ಐತಿ ಅಂದ್ರು. ನನಗ ಓದಾಕ ಬರಂಗಿಲ್ಲ. ಯಾವ ಸಾಲು ಅಂದ್ರ ತಿಳೀಲಿಲ್ರಿ."

ದುರ್ಗಪ್ಪ ಮುಖ ತಿರುಗಿಸಿದ. ಮಾಸ್ತರು ಮತ್ತೆ ಕನ್ನಡಕ ತೆಗೆದರು. ಬೀಗ ಹಾಕುತ್ತಿದ್ದ ಶಿವಲಿಂಗಪ್ಪ ಆಚೆಯಿಂದ ನೋಡುತ್ತಿದ್ದ. ಮಹಾನಂದಾ ಬಸವೇಶ್ವರಿಯವರ ಕಡೆ ನೋಡಿದಳು. ಕುಂಚದಿಂದ ಒಂದು ಹನಿ ಅವಳ ಪಾದದ ಮೇಲೆ ಬಿತ್ತು.

ಮರದ ಬೇರಿನ ಮೇಲೆ ಕೂತಿದ್ದ ಬಸವೇಶ್ವರಿ ಎದ್ದು, ಹೆಂಗಸಿನ ತಲೆಯ ಮೇಲಿನ ಗಂಟಿಗೆ ಕೈ ಕೊಟ್ಟು ಇಳಿಸಿದರು.

"ಹೆಸರು ಕೇಳವಾ" ಎಂದರು.

"ನಿನ್ನ ಹೆಸರೇನು?" ಎಂದಳು ಮಹಾನಂದಾ.

"ಯಮನವ್ವ."

ಈ ಸಲ ಮಣಿಕಟ್ಟು ಹಿಡಿಯುವವರು ಯಾರೂ ಇರಲಿಲ್ಲ. 'ಯ' ಸೊಟ್ಟಗಾಯಿತು. ಕಾಕಾನ ಮೂರು ನೇರ ಸಾಲುಗಳ ಕೆಳಗೆ ಅವಳ ಅಕ್ಷರ ದುರ್ಗಪ್ಪನ ಗುಂಡಿಗಳ ಹಾಗೆ ಏರಿಳಿಯಿತು. ಆದರೂ ಅವಳು ಅಕ್ಷರಗಳನ್ನು ಆದಷ್ಟು ಸಣ್ಣದಾಗಿ, ಒತ್ತೊತ್ತಾಗಿ ಬರೆದಳು. ಬರೆದು ಮುಗಿಸಿ, ಡಬ್ಬಿಗಳ ನಡುವೆ ಹುಡುಕಿ ಸೀಮೆಸುಣ್ಣ ತೆಗೆದು, ಬೋರ್ಡಿನ ತೀರಾ ಅಂಚಿನಲ್ಲಿ ಉಳಿದಿದ್ದ ನಾಲ್ಕು ಬೆರಳು ಜಾಗದಲ್ಲಿ ಇನ್ನೊಂದು ಗೆರೆ ಎಳೆದಳು.