ಆಕಾಶಕ್ಕೆ ಬಿಲ್ ಇಲ್ಲ

ನಾನು ಒಂದು ಹೀಟರ್ ಸುರುಳಿ. ಕಬ್ಬಿಣದ ಪೆಟ್ಟಿಗೆಯೊಳಗೆ ಸುತ್ತಿದ ದಪ್ಪ ತಂತಿ, ಅಷ್ಟೇ. ನನ್ನ ಜೊತೆ ಹುಟ್ಟಿದವರು ನೀರು ಕಾಯಿಸಲು, ಇಸ್ತ್ರಿ ಮಾಡಲು ಹೋದರು. ನನ್ನನ್ನು ಮಾತ್ರ ಕರೆಂಟನ್ನು ಹಾಳು ಮಾಡುವುದಕ್ಕೆಂದೇ ತಯಾರಿಸಿದರು. ತಮಾಷೆಯಲ್ಲ, ಅದೇ ನನ್ನ ಉದ್ಯೋಗ.

ದೋಣಿಯಲ್ಲಿ ನನ್ನನ್ನು ಬೆಳ್ಗಲ್ ದ್ವೀಪಕ್ಕೆ ಸಾಗಿಸಿದರು. ಅಲ್ಲಿಗೆ ದಡದ ವಿದ್ಯುತ್ ತಂತಿ ಬಂದಿಲ್ಲ. ಇದ್ದದ್ದು ಒಂದು ಗಾಳಿಯಂತ್ರ, ಅದು ನಿಂತಾಗ ಡೀಸೆಲ್ ಜನರೇಟರ್. ಮಳೆಗಾಲದಲ್ಲಿ ಗಾಳಿಯ ಕರೆಂಟು ಊರಿಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು, ಬೇಸಿಗೆಯಲ್ಲಿ ಗಾಳಿಯೇ ಇಲ್ಲ. ಆಷಾಢದ ಗಾಳಿಯನ್ನು ಚೈತ್ರದವರೆಗೆ ಕೂಡಿಡುವಷ್ಟು ಬ್ಯಾಟರಿ ಕೊಳ್ಳಬೇಕಾದರೆ ದ್ವೀಪವನ್ನೇ ಮಾರಬೇಕು ಎಂದು ಲೆಕ್ಕ ಹಾಕಿದ ಕರೆಂಟು ಕಂಪನಿಯವರು ಅಗ್ಗಕ್ಕೆ ನನ್ನನ್ನು ಒಂದು ತೆರೆದ ಮಾಡಿನಡಿ ಕೂರಿಸಿದರು. ಹೆಚ್ಚಾದ ಕರೆಂಟು ಯಂತ್ರವನ್ನು ಕೆಡಿಸುವ ಬದಲು ನನ್ನೊಳಗೆ ನುಗ್ಗುತ್ತಿತ್ತು. ನಾನು ಕೆಂಪಗೆ ಕಾದು ಅದನ್ನು ಆಕಾಶಕ್ಕೆ ಬಿಡುತ್ತಿದ್ದೆ.

ನನ್ನತ್ತ ಮೊದಲು ಕಣ್ಣು ಹಾಯಿಸಿದವಳು ಬಾಬಿ ಮೊಗೇರ್ತಿ. ಗಂಡ ಸಮುದ್ರಪಾಲಾದ ಮೇಲೆ ಒಣಮೀನು ಮಾರಿ ಬದುಕುತ್ತಿದ್ದಳು. ಮಳೆಗಾಲದಲ್ಲಿ ದಡದ ಬೀಸುಬಲೆಗೆ ಮೀನು ಬೀಳುತ್ತದೆ, ಒಣಗಿಸಲು ಬಿಸಿಲಿಲ್ಲ. ಆ ತಿಂಗಳುಗಳಲ್ಲಿ ಅವಳ ಮನೆಯಲ್ಲಿ ಅರೆಹೊಟ್ಟೆ.

"ಹ್ವಾಯ್ ಶೀನಣ್ಣ, ಈ ಬಿಸಿ ಬರೀ ಗಾಳಿಗ್ ಹೋಪುದಲ್ದಾ? ಮೇಲ್ ನನ್ ಮೀನ್ ಇಟ್ರೆ ಆತಿಲ್ಯಾ?" ಎಂದು ಯಂತ್ರ ನೋಡಿಕೊಳ್ಳುವ ಶೀನನನ್ನು ಕೇಳಿದಳು.

"ಅಡ್ಡಿಲ್ಲೆ, ಇಡಿ," ಎಂದ ಅವನು.

ನನ್ನ ಮೇಲೆ ಜಾಲರಿ ಹಾಸಿ ನಂಗು ಮೀನುಗಳನ್ನು ಸಾಲಾಗಿ ಮಲಗಿಸಿದಳು. ಅಬ್ಬಾ, ಆ ವಾಸನೆ! ಆದರೂ ಸಂತೋಷವಾಯಿತು. ನನ್ನ ಕೆಲಸ ಮೊದಲ ಸಲ ಯಾರದೋ ಹೊಟ್ಟೆಗೆ ಹೋಗಿತ್ತು. ಎರಡು ಮಳೆಗಾಲ ಬಾಬಿ ಹೊಟ್ಟೆತುಂಬ ಉಂಡಳು.

ಆಮೇಲೆ ದ್ವೀಪಕ್ಕೆ ಬಂದ ಕಂಪನಿಯ ಮ್ಯಾನೇಜರ್ ಸುಧೀಂದ್ರ ಮೂಗು ಮುಚ್ಚಿಕೊಂಡೇ ಒಳಗೆ ಬಂದ. ಯಾರಿಗೂ ಬೇಡವಾಗಿದ್ದಾಗ ನನ್ನ ಶಾಖಕ್ಕೆ ಬೆಲೆ ಇರಲಿಲ್ಲ. ಒಬ್ಬಳಿಗೆ ಬೇಕು ಎಂದು ಗೊತ್ತಾದದ್ದೇ ತಡ, ಮೀಟರ್ ಬಂತು. ದರ ಮಾತ್ರ ದುಬಾರಿ ಡೀಸೆಲ್ ಕರೆಂಟಿನದು.

"ಆಕಾಶಕ್ ಎಷ್ಟ್ ಬಿಲ್ ಹಾಕ್ತ್ರಿ ನೀವ್?" ಎಂದಳು ಬಾಬಿ.

"ನಿಮಗೆ ಬಿಟ್ಟಿ ಕೊಟ್ಟರೆ ನಾಳೆ ಇಡೀ ಊರು ಕೇಳುತ್ತೆ ಕಣಮ್ಮ," ಎಂದ ಅವನು. ಮರುದಿನ ನನ್ನ ಸುತ್ತ ಬೇಲಿ ಬಂತು.

ಆ ವರ್ಷ ಗಾಳಿಗೆ ಹುಚ್ಚು ಹಿಡಿದಿತ್ತು. ನಾನು ಹಗಲಿಡೀ ಉರಿದೆ. ಬೇಲಿಯಾಚೆ ಅವಳ ಬುಟ್ಟಿಯ ಮೀನಿಗೆ ಹುಳ ಬಿತ್ತು. ಅವಳು ಅದನ್ನು ಮರಳಲ್ಲಿ ಹೂತಳು. ನನಗೆ ನಾಚಿಕೆಯಾಯಿತು, ನಾಚಬೇಕಾದವರಿಗೆ ಆಗಲಿಲ್ಲ. ಶಾಖಕ್ಕೆ ಗಿರಾಕಿಗಳೇ ಇಲ್ಲ ಎಂದು ಸುಧೀಂದ್ರ ಮೇಲಿನವರಿಗೆ ವರದಿ ಕಳಿಸಿದ. ಹಾಗಾದರೆ ಗಾಳಿ ಹೆಚ್ಚಾದಾಗ ಯಂತ್ರದ ರೆಕ್ಕೆಗಳನ್ನು ತಿರುಗದಂತೆ ನಿಲ್ಲಿಸಿಬಿಡಿ, ಅದೇ ಅಗ್ಗ ಎಂದರು ಅವರು.

ಮಳೆ ಕಳೆದ ಮೇಲೆ ನನ್ನನ್ನು ಕಿತ್ತು ದೋಣಿಗೆ ಹಾಕಿದರು. ಬಾಬಿಯೂ ಅದೇ ದೋಣಿಯಲ್ಲಿದ್ದಳು. ಪೇಟೆಯ ಮೀನು ಕಾರ್ಖಾನೆಗೆ ಕೂಲಿಗೆ ಹೊರಟಿದ್ದಳು. ಬೇರೆ ಜಾಗವಿಲ್ಲದೆ ನನ್ನ ಮೇಲೆಯೇ ಕುಳಿತಳು. "ಎಷ್ಟ್ ತಣ್ಣಗಿತ್ತ್ ಕಾಣಿ," ಎಂದಳು, ನನ್ನನ್ನು ಸಾಗಿಸಲು ಜೊತೆಗೆ ಬಂದಿದ್ದ ಶೀನನಿಗೆ.

ಈಗ ಗುಜರಿ ಅಂಗಡಿಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಇದು ಮತ್ತೆ ಮಳೆಗಾಲ, ತಗಡಿನ ಮಾಡು ಗಾಳಿಗೆ ಬಡಿದುಕೊಳ್ಳುತ್ತಿದೆ. ದ್ವೀಪದಲ್ಲಿ ರೆಕ್ಕೆಗಳನ್ನು ನಿಲ್ಲಿಸಿರುತ್ತಾರೆ. ಬಾಬಿ ಪೇಟೆಯಲ್ಲಿ ಯಾರದೋ ಮೀನು ಕೊಯ್ಯುತ್ತಿರುತ್ತಾಳೆ. ಯಾರಿಗೂ ಒಂದು ಪೈಸೆ ನಷ್ಟವಾಗಿಲ್ಲ ಎಂದು ವರದಿಯಲ್ಲಿ ಬರೆದಿರುತ್ತಾರೆ.